ಗಡಿಯಾರದ ಮುಳ್ಳು ಯಾವ ಕಡೆ ತಿರುಗುತ್ತದೆ?

ಎರಡನೆಯ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್ ಎಂಬ ಬಂಗಲೆಯಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಬಿಡಿಸುವ ಕೆಲಸ ನಡೆಯುತ್ತಿತ್ತು. ಅಲ್ಲಿದ್ದ ಡಿಲ್ಲಿ ನಾಕ್ಸ್ ಎಂಬವರು ಮೂಲತಃ ಪ್ರಾಚೀನ ಗ್ರೀಕ್ ಪಠ್ಯಗಳ ವಿದ್ವಾಂಸರು. ತಮ್ಮ ವಿಭಾಗಕ್ಕೆ ಹೊಸದಾಗಿ ಬಂದವರನ್ನು ಅವರು ಕೇಳುತ್ತಿದ್ದ ಪ್ರಶ್ನೆ ಇದು: ಗಡಿಯಾರದ ಮುಳ್ಳು ಯಾವ ಕಡೆ ತಿರುಗುತ್ತದೆ? ಬಲಗಡೆಗೆ ಎಂದು ಥಟ್ಟನೆ ಹೇಳಿದವರಿಗೆ ಮರುಮಾತು ಸಿದ್ಧವಾಗಿರುತ್ತಿತ್ತು. ನೋಡುವವರಿಗೆ ಬಲಗಡೆ; ಗಡಿಯಾರವನ್ನೇ ಕೇಳಿದರೆ ಎಡಗಡೆ!

ಇದು ಬರಿಯ ಕುಚೋದ್ಯವಲ್ಲ. ನಾಕ್ಸ್ ಅವರ ತಂಡಕ್ಕೆ 1940ರಲ್ಲಿ ಸೇರಿದ ಮೇವಿಸ್ ಲೀವರ್ ಎಂಬ 19 ವರ್ಷದ ಹುಡುಗಿಯ ಕೈಗೆ ಒಮ್ಮೆ ಇಟಲಿ ನೌಕಾಪಡೆಯ ಗುಪ್ತ ಸಂದೇಶವೊಂದು ಬಂತು. ಅದರಲ್ಲಿ 'ಎಲ್' ಅಕ್ಷರ ಒಂದು ಸಲವೂ ಇಲ್ಲವೆಂಬುದನ್ನು ಆಕೆ ಗಮನಿಸಿದಳು. ಎನಿಗ್ಮಾ ಯಂತ್ರದ ಒಂದು ದೌರ್ಬಲ್ಯವೆಂದರೆ, ಅದು ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬರೆಯುವುದಿಲ್ಲ. ಅಂದಮೇಲೆ ಯಾರೋ ಸೋಮಾರಿ, ಯಂತ್ರವನ್ನು ಪರೀಕ್ಷಿಸಲೆಂದು 'ಎಲ್' ಒಂದನ್ನೇ ಒತ್ತುತ್ತ ಕುಳಿತಿರಬೇಕು! ಆ ಊಹೆಯಿಂದ ಯಂತ್ರದ ಚಕ್ರದೊಳಗಿನ ತಂತಿ ಜೋಡಣೆಯೇ ಬಯಲಾಯಿತು. ಇದ್ದುದನ್ನು ಎಲ್ಲರೂ ನೋಡುತ್ತಾರೆ, ಆಕೆ ಇಲ್ಲದ್ದನ್ನು ನೋಡಿದಳು.

ಇಂಥವರನ್ನು ಹುಡುಕುವುದು ಹೇಗೆ? 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ತನ್ನ ಕಚೇರಿಯಲ್ಲಿ ಪದಬಂಧ ಸ್ಪರ್ಧೆ ಏರ್ಪಡಿಸಿತು. 12 ನಿಮಿಷದೊಳಗೆ ಬಿಡಿಸಬೇಕು. ಕೆಲವು ವಾರಗಳ ಬಳಿಕ ಸ್ಪರ್ಧಿಗಳಲ್ಲಿ ಹಲವರಿಗೆ ಸೇನೆಯಿಂದ ಕಾಗದ ಬಂತು: ರಾಷ್ಟ್ರೀಯ ಮಹತ್ವದ ವಿಷಯವಿದೆ, ಬಂದು ಕಾಣಿ. ತಾವು ಕುಳಿತದ್ದು ಒಂದು ಸಂದರ್ಶನಕ್ಕೆಂದು ಅವರಿಗೆ ತಿಳಿದದ್ದು ಆಗಲೇ.

ಇಂದು ಆ ಕೆಲಸದ ವಾರಸುದಾರರನ್ನು ಸೈಬರ್ ಸುರಕ್ಷತಾ ಎಂಜಿನಿಯರ್ ಎನ್ನುತ್ತಾರೆ. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಜಾಲ ಎಲ್ಲಕ್ಕೂ ಅವರು ಬೇಕು. ಬೆಂಗಳೂರಿನಲ್ಲಿ ಈ ಉದ್ಯೋಗಕ್ಕೆ ಬರುವವರಲ್ಲಿ ಸಣ್ಣ ಊರುಗಳ ಕಾಲೇಜುಗಳಲ್ಲಿ ಓದಿದವರೂ ಇದ್ದಾರೆ. ಅವರಲ್ಲಿ ಹಲವರ ಸಿದ್ಧತೆಯೆಂದರೆ 'ನೂರು ಪ್ರಶ್ನೆ, ನೂರು ಉತ್ತರ' ಬಗೆಯ ಬಾಯಿಪಾಠ. ಪಿಯುಸಿಯಲ್ಲಿ ಫಲಕೊಟ್ಟ ವಿದ್ಯೆ ಇಲ್ಲಿ ಕೈಕೊಡುತ್ತದೆ. ಬುದ್ಧಿ ಕಡಿಮೆಯೆಂದಲ್ಲ, ಪರೀಕ್ಷೆಯ ಸ್ವರೂಪವನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಈ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದನ್ನು ನೋಡೋಣ. ಬ್ರೌಸರಿನಲ್ಲಿ ಒಂದು ವಿಳಾಸ ಬರೆದು 'ಎಂಟರ್' ಒತ್ತಿದರೆ ಏನಾಗುತ್ತದೆ? ಮೊದಲು ಆ ಹೆಸರಿಗೆ ಸೇರಿದ ಸಂಖ್ಯೆಯನ್ನು ಡಿಎನ್‌ಎಸ್ ಎಂಬ, ದೂರವಾಣಿ ಪುಸ್ತಕದಂಥ ವ್ಯವಸ್ಥೆಯಿಂದ ಪಡೆಯಬೇಕು. ಆಮೇಲೆ ಎರಡು ಯಂತ್ರಗಳು ಪರಸ್ಪರ ಮೂರು ಮಾತಾಡಿಕೊಳ್ಳುತ್ತವೆ. 'ಹಲೋ, ಕೇಳಿಸುತ್ತಿದೆಯೇ?' 'ಕೇಳಿಸುತ್ತಿದೆ, ನಿಮಗೆ?' 'ನನಗೂ ಕೇಳಿಸುತ್ತಿದೆ.' ನಂತರ ತಾಣವು ತನ್ನ ಗುರುತುಪತ್ರ ತೋರಿಸುತ್ತದೆ. ಮುಂದಿನ ಮಾತೆಲ್ಲ ಗುಪ್ತಲಿಪಿಯಲ್ಲಿ. ಇಷ್ಟನ್ನು ಯಾರೂ ಒಪ್ಪಿಸಬಹುದು. ಸಂದರ್ಶಕರು ಕಾಯುವುದು ಮುಂದಿನ ಮಾತಿಗೆ. ದೂರವಾಣಿ ಪುಸ್ತಕದಲ್ಲಿ ಯಾರಾದರೂ ಸುಳ್ಳು ಸಂಖ್ಯೆ ಬರೆದಿಟ್ಟರೆ? ಸಾವಿರಾರು ಸಲ 'ಹಲೋ' ಎಂದು ಕರೆದು, ಉತ್ತರ ಬಂದಾಗ ಸುಮ್ಮನಾಗುವ ಕಿಡಿಗೇಡಿಯಿದ್ದರೆ? ಹೆಸರು ಬರೆಯಬೇಕಾದ ಚೌಕದಲ್ಲಿ ಹೆಸರಿನ ಬದಲು ದತ್ತಾಂಶ ಭಂಡಾರಕ್ಕೆ ಒಂದು ಆಜ್ಞೆಯನ್ನೇ ಬರೆದರೆ? ಹೀಗೆ ಪ್ರತಿ ಮೆಟ್ಟಿಲಲ್ಲೂ ನಿಂತು ಗಡಿಯಾರದ ಒಳಗಿನಿಂದ ನೋಡಬಲ್ಲವರಿಗೆ ಕೆಲಸ ಸಿಗುತ್ತದೆ. ಇಂಗ್ಲಿಷ್ ತಡವರಿಸಿದರೆ ಕಾಗದ ಕೇಳಿ ಚಿತ್ರ ಬರೆಯಬಹುದು. ಒಳ್ಳೆಯ ಸಂದರ್ಶಕರು ಅದನ್ನು ಮೆಚ್ಚುತ್ತಾರೆ.

ಇನ್ನೊಂದು ಪ್ರಶ್ನೆ ಪಾಸ್‌ವರ್ಡ್‌ನದು. ಅದನ್ನು ಗುಪ್ತಲಿಪಿಗೆ ತಿರುಗಿಸಿ ಇಡಬೇಕೆಂದು ಹೇಳಿದವರು ಅಲ್ಲೇ ಎಡವಿದಂತೆ. ಗುಪ್ತಲಿಪಿಗೆ ಕೀಲಿಯಿದೆ, ಕೀಲಿ ಸಿಕ್ಕಿದರೆ ಎಲ್ಲವೂ ಬಯಲು. ಬೇಕಾದದ್ದು 'ಹ್ಯಾಶ್', ಅಂದರೆ ರುಬ್ಬಿದ ಹಿಟ್ಟು. ಹಿಟ್ಟಿನಿಂದ ಅಕ್ಕಿಯನ್ನು ಮರಳಿ ಪಡೆಯಲಾಗದು. ಆದರೆ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹಿಟ್ಟೂ ಒಂದೇ ಆಗುತ್ತದಲ್ಲ? ಅದಕ್ಕಾಗಿ ಒಬ್ಬೊಬ್ಬರದಕ್ಕೂ ಬೇರೆ ಬೇರೆ ಉಪ್ಪು ಬೆರೆಸಿ ರುಬ್ಬುತ್ತಾರೆ. ಉಪ್ಪೆಂಬುದು ನನ್ನ ಅಡುಗೆಮನೆಯ ಹೋಲಿಕೆಯಲ್ಲ. ಇಂಗ್ಲಿಷಿನ ಪಾರಿಭಾಷಿಕ ಪದವೂ 'ಸಾಲ್ಟ್' ಎಂದೇ ಇದೆ.

ಹಳೆಯ ಪ್ರಕರಣಗಳನ್ನು ಓದುವುದೂ ಒಳ್ಳೆಯ ಸಿದ್ಧತೆ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಬಿಟ್ಟ 'ಹುಳು' ಸಾವಿರಾರು ಗಣಕಗಳನ್ನು ನಿಲ್ಲಿಸಿತು. ಅದು ನುಗ್ಗಿದ ದಾರಿಗಳು: ಪರೀಕ್ಷೆಗೆಂದು ತೆರೆದು ಮುಚ್ಚಲು ಮರೆತ ಬಾಗಿಲು, ಅಳತೆ ಮೀರಿ ಬಂದ ಅಕ್ಷರಗಳನ್ನು ತಡೆಯದ ತಂತ್ರಾಂಶ, ಸುಲಭದ ಪಾಸ್‌ವರ್ಡ್. ಈ ಮೂರೂ ಇಂದಿಗೂ ಜೀವಂತವಾಗಿವೆ.

ಜ್ಞಾನದಷ್ಟೇ ತೂಕದ ಇನ್ನೊಂದು ವಿಷಯ ನಂಬಿಕೆ. ಈ ನೌಕರಿಯಲ್ಲಿ ಸಂಸ್ಥೆಯ ತಿಜೋರಿಯ ಕೀಲಿಯನ್ನೇ ಅಪರಿಚಿತರೊಬ್ಬರ ಕೈಗೆ ಕೊಡುತ್ತಾರೆ. ಕಾಲೇಜಿನ ತಾಣಕ್ಕೆ ಕನ್ನ ಹಾಕಿದ್ದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಅಭ್ಯರ್ಥಿ, ತಾನು ಅನುಮತಿಯಿಲ್ಲದೆ ಒಳನುಗ್ಗುವವನೆಂದು ಸ್ವತಃ ಸಾಕ್ಷಿ ನುಡಿದಂತೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮಿನಡಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಆಗಬಹುದು. ಕನ್ನ ಹಾಕಿ ಕಲಿಯಲೆಂದೇ ದೋಷಗಳನ್ನು ಉಳಿಸಿ ತಯಾರಿಸಿದ 'ವೆಬ್‌ಗೋಟ್'ನಂಥ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಸ್ವಂತ ಗಣಕದಲ್ಲಿ ಹಾಕಿಕೊಂಡು ಎಷ್ಟು ಬೇಕಾದರೂ ಒಡೆಯಬಹುದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ಈ ನಂಬಿಕೆಯ ಭಾಗವೇ. 'ಗೊತ್ತಿಲ್ಲ, ಆದರೆ ಇಂಥಲ್ಲಿಂದ ಹುಡುಕಲು ಶುರುಮಾಡುತ್ತೇನೆ' ಎಂಬ ಮಾತು ಕಲ್ಪಿಸಿದ ಉತ್ತರಕ್ಕಿಂತ ಎಷ್ಟೋ ಮೇಲು. ದಾಳಿಯ ನಡುರಾತ್ರಿಯಲ್ಲಿ ಗೊತ್ತಿದ್ದವರಂತೆ ನಟಿಸುವ ನೌಕರರು ದಾಳಿಕೋರರಿಗಿಂತ ಹೆಚ್ಚು ಹಾನಿ ಮಾಡಬಲ್ಲರು.

ಆ ನಡುರಾತ್ರಿಯ ಪ್ರಶ್ನೆಯೂ ಬರುತ್ತದೆ. ಎರಡು ಗಂಟೆಗೆ ಒಂದು ಯಂತ್ರ ವಿಚಿತ್ರವಾಗಿ ವರ್ತಿಸುತ್ತಿದೆ, ಏನು ಮಾಡುತ್ತೀರಿ? ಸ್ವಿಚ್ ಆರಿಸುತ್ತೇನೆ ಎಂಬುದು ಅವಸರದ ಉತ್ತರ. ಆರಿಸಿದರೆ ಯಂತ್ರದ ತಾತ್ಕಾಲಿಕ ನೆನಪಿನಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಮೊದಲು ಅದನ್ನು ಜಾಲದಿಂದ ಬೇರ್ಪಡಿಸಬೇಕು, ಕಂಡದ್ದನ್ನು ವೇಳೆಸಹಿತ ಬರೆದಿಡಬೇಕು, ಮೇಲಿನವರಿಗೆ ತಿಳಿಸಬೇಕು. ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ 'ಸರ್ಟ್-ಇನ್' ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ನಿರ್ದೇಶನವಿದೆ.

ಕೊನೆಗೆ, ನಿಮ್ಮದೇನಾದರೂ ಪ್ರಶ್ನೆಯಿದೆಯೇ ಎಂದು ಸಂದರ್ಶಕರು ಕೇಳುವುದು ವಾಡಿಕೆ. ಸಂಬಳದ ಮಾತು ಹೇಗೂ ಬಂದೇ ಬರುತ್ತದೆ. ಅದಕ್ಕೆ ಮೊದಲು, ಅಂಥ ರಾತ್ರಿಯಲ್ಲಿ ಇಲ್ಲಿ ಯಾರನ್ನು ಎಬ್ಬಿಸಬೇಕು ಎಂದು ಕೇಳಿನೋಡಿ. ಸಂದರ್ಶಕರು ಪರಸ್ಪರ ಮುಖ ನೋಡಿಕೊಂಡರೆ, ಆ ಸಂಸ್ಥೆಗೆ ಸೇರುವ ಬಗ್ಗೆ ಯೋಚಿಸಬೇಕಾದವರು ನೀವು.