ಬದಲಿ ಶಿಕ್ಷಕಿಗಾಗಿ ತರಗತಿಯನ್ನು ಅಣಿಗೊಳಿಸುವ ಬಗೆ

ಮನೆಯ ಯಜಮಾನಿಯು ನಾಲ್ಕು ದಿನ ಪರಸ್ಥಳಕ್ಕೆ ಹೋಗಬೇಕಾದರೆ, ಹಿಟ್ಟಿನ ಡಬ್ಬಿ ಎಲ್ಲಿದೆ, ಎಮ್ಮೆಗೆ ಯಾವ ಹೊತ್ತಿನಲ್ಲಿ ನೀರು ಕುಡಿಸಬೇಕು, ಕಿರಿಯ ಮಗುವಿಗೆ ಏನು ಒಗ್ಗದು ಎಂಬುದನ್ನೆಲ್ಲ ನೆರೆಯವಳಿಗೆ ತಿಳಿಸಿಯೇ ಹೊಸ್ತಿಲು ದಾಟುವಳು. ಮೂವತ್ತು ಮಕ್ಕಳ ಹೊಣೆ ಹೊತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿಯು ಇದಕ್ಕಿಂತ ಕಡಮೆ ಎಚ್ಚರ ವಹಿಸುವುದು ತರವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಶಿಕ್ಷಕಿಯರಾದವರು ಅನೇಕರು. ಮಕ್ಕಳನ್ನು ಶಾಲೆಗೆ ಕಳುಹುವ ತಾಯಂದಿರು ಅವರಿಗಿಂತಲೂ ಹೆಚ್ಚು. ಉಭಯರಿಗೂ ಈ ವಿಷಯವು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಶಿಕ್ಷಕಿಯ ಕುರ್ಚಿಯು ಬರಿದಾಗುವುದಕ್ಕೆ ನ್ಯಾಯವಾದ ಕಾರಣಗಳುಂಟು. ಸರ್ಕಾರಿ ಸೇವೆಯಲ್ಲಿರುವವಳಿಗೆ ಹೆರಿಗೆಯ ರಜೆಯೇ 180 ದಿನ. ಶಿಕ್ಷಕರನ್ನು ಅನ್ಯ ಕಾರ್ಯಗಳಿಗೆ ಹಚ್ಚಬಾರದೆಂದು ವಿಧಿಸಿದ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಸಹ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರಕ್ಕೆ ವಿನಾಯಿತಿ ಕೊಟ್ಟಿದೆ. 2019ರಲ್ಲಿ ಕೃಷ್ಣೆಯ ಮಹಾಪೂರವನ್ನು ಕಂಡ ಜಮಖಂಡಿ ಸೀಮೆಯವರಿಗೆ ಈ ಮೂರನೆಯದನ್ನು ವಿವರಿಸಬೇಕಾದುದಿಲ್ಲ. ಅಂಥ ಸಮಯದಲ್ಲಿ ಪಕ್ಕದ ತರಗತಿಯವರೋ ಅತಿಥಿ ಶಿಕ್ಷಕಿಯೋ ಬಂದು ನಿಲ್ಲುವರು.

ಹೀಗೆ ಬಂದವರ ಕಷ್ಟವು ಈಗ ಮೊದಲಿಗಿಂತ ಹೆಚ್ಚು. ಹಿಂದೆ ಎಲ್ಲ ಮಕ್ಕಳೂ ಒಂದೇ ಪಾಠದಲ್ಲಿರುತ್ತಿದ್ದರು. ಪುಟದ ಸಂಖ್ಯೆಯನ್ನು ಹೇಳಿದರೆ ಸಾಕಾಗುತ್ತಿತ್ತು. ಆದರೆ ಋಷಿವ್ಯಾಲಿಯ ಪದ್ಧತಿಯನ್ನು ನೋಡಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿಯು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಈ ಪದ್ಧತಿಯಲ್ಲಿ ಬೇರೆ ಬೇರೆ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ ಕುಳಿತು, ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಿಂದ ಏರುವರು. ಹುನ್ನೂರಿನಂಥ ಊರಿನ ಶಾಲೆಯೊಂದಕ್ಕೆ ಮುಂಜಾನೆ ಹೊಸದಾಗಿ ಬಂದವಳಿಗೆ ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಮುಖ ನೋಡಿದ ಮಾತ್ರಕ್ಕೆ ತಿಳಿಯಲಾರದು. ಪ್ರಗತಿ ನೋಟವನ್ನು ಅಂದಂದೇ ತುಂಬಿಟ್ಟಿದ್ದರೆ ಮಾತ್ರ ಅವಳಿಗೆ ದಾರಿ ಕಾಣುವುದು.

ಆದಕಾರಣ ಮೇಜಿನ ಮೇಲೆ ಒಂದು ನೋಟುಪುಸ್ತಕವಿರಲಿ. ಮೊದಲು ವೇಳಾಪತ್ರಿಕೆ, ಹಾಜರಿ ಪುಸ್ತಕವಿರುವ ಸ್ಥಳ, ಕಪಾಟಿನ ಕೀಲಿ. ತರುವಾಯ ಪ್ರತಿಯೊಂದು ಮಗುವಿನ ಮೆಟ್ಟಿಲು, ಮತ್ತು ಕಿರಿಯರಿಗೆ ಹೇಳಿಕೊಡಬಲ್ಲ ಇಬ್ಬರು ಮೂವರ ಹೆಸರು. ಅನಂತರ ಕಣ್ಣಿಗೆ ಕಾಣದ ಸಂಗತಿಗಳು: ಯಾರಿಗೆ ದೂರದ ಅಕ್ಷರ ಕಾಣದು, ಬಿಸಿಯೂಟದ ವೇಳೆಗೆ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು, ಸಂಜೆಗೆ ಮಗುವನ್ನು ಯಾರ ಕೈಗೆ ಒಪ್ಪಿಸತಕ್ಕದ್ದು, ಯಾರ ಕೈಗೆ ಕೂಡದು. ಈ ಕಡೆಯ ಸಾಲನ್ನು ಎಂದಿಗೂ ಬಿಡಬಾರದು. ಮನೆಯ ಗುಟ್ಟಿನ ಮಾತುಗಳನ್ನು ಮಾತ್ರ ಪುಸ್ತಕದಲ್ಲಿ ಬರೆಯದೆ ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಿಂದ ತಿಳಿಸಬೇಕು. “ದಡ್ಡ”, “ತುಂಟ” ಎಂಬ ಶಬ್ದಗಳನ್ನು ಸರ್ವಥಾ ಬರೆಯಬಾರದು. ಹೊಸಬಳು ಮಗುವನ್ನು ಕಾಣುವ ಮೊದಲೇ ಅದರ ಮೇಲೆ ತೀರ್ಪು ಕೊಟ್ಟಂತಾಗುವುದು.

ನುಡಿಯ ವಿಷಯದಲ್ಲಿಯೂ ಒಂದು ಸೂಚನೆ ಅಗತ್ಯ. ಮೈಸೂರಿನ ಕಡೆಯಿಂದ ಬಂದ ಶಿಕ್ಷಕಿಯು ಚಿತ್ರ ತೋರಿಸಿ “ಕಡಲೆಕಾಯಿ” ಎಂಬ ಉತ್ತರವನ್ನು ನಿರೀಕ್ಷಿಸಿದರೆ, ಇಲ್ಲಿಯ ಮಗು “ಶೇಂಗಾ” ಎನ್ನುವುದು. ಮಗುವಿನ ಉತ್ತರವು ತಪ್ಪಲ್ಲವೆಂಬುದನ್ನು ಆಕೆಗೆ ಮುಂದಾಗಿ ತಿಳಿಸುವುದು ಒಳಿತು. ಇಲ್ಲವಾದರೆ ಸರಿಯಾಗಿ ನುಡಿದ ಮಗುವೂ ಅಂದಿನಿಂದ ಬಾಯಿ ಬಿಡಲು ಅಳುಕುವುದು.

ಒಂದೆರಡು ದಿನದ ಬದಲಿಗೆ ಹೊಸ ಪಾಠವನ್ನು ಒಪ್ಪಿಸದೆ, ಕಲಿತುದರ ಪುನರಾವರ್ತನೆಯನ್ನೂ ಒಂದು ಕಥೆಯನ್ನೂ ಇಡುವುದು ಲೇಸು. ತಿಂಗಳುಗಟ್ಟಲೆ ಇರುವವಳೊಡನೆ ಮುಂಚಿತವಾಗಿ ಒಂದು ದಿನವಾದರೂ ತರಗತಿಯಲ್ಲಿ ಜೊತೆಗಿರಬೇಕು. ಮಕ್ಕಳಿಗೂ ಮುನ್ನಾದಿನವೇ, “ನಾಳೆ ಬೇರೆ ಅಕ್ಕೋರು ಬರುವರು, ನಾನು ಇಂಥ ದಿನ ಮರಳುವೆನು” ಎಂದು ಹೇಳಬೇಕು. ಹೇಳದೆ ಹೋದರೆ ಆರು ವರುಷದ ಮಗುವು ತನ್ನ ಮೇಲಿನ ಸಿಟ್ಟಿನಿಂದಲೇ ಹೋದರೆಂದು ತಿಳಿಯಬಹುದು. ಬದಲಿ ಬಂದವರು ಸಂಜೆಗೆ ಅದೇ ಪುಸ್ತಕದಲ್ಲಿ ಆ ದಿನದ ಕೆಲಸವನ್ನು ಎರಡು ಸಾಲು ಬರೆದಿಟ್ಟು ಹೋಗಲಿ.

ತಾಯಂದಿರೂ ಮಗುವಿನ ಬೇನೆ, ಔಷಧಗಳ ಸಂಗತಿಯನ್ನು ಶಾಲೆಗೆ ತಿಳಿಸಿಟ್ಟರೆ ಪುಸ್ತಕವು ಪೂರ್ಣವಾಗುವುದು. ಶಿಕ್ಷಕಿಯು ಮರಳಿ ಬಂದಾಗ ಮಕ್ಕಳು ಇಳಿದು ಹೋಗದೆ, ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಕಾಲಿಟ್ಟಿದ್ದರೆ ಆ ಸಿದ್ಧತೆಯು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.