ಅಂದು ಅಲ್ಲಿದ್ದವರು ಎಷ್ಟು ಮಂದಿ?

ಯಾವುದೇ ಘಟನೆಯನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷಗಳು ಉರುಳಿದಂತೆ ಕಡಮೆಯಾಗುತ್ತ ಹೋಗುವುದು ಲೋಕದ ನಿಯಮ. ಆದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನಡೆದ ಒಂದು ಸಂಗೀತ ಕಚೇರಿಯ ವಿಷಯದಲ್ಲಿ ಈ ನಿಯಮ ತಲೆಕೆಳಗಾಗಿದೆ. ೧೯೭೬ನೆಯ ಇಸವಿಯ ಜೂನ್ ೪, ಶುಕ್ರವಾರ ರಾತ್ರಿ. ಆ ನಗರದ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಣ್ಣ ಸಭಾಂಗಣದಲ್ಲಿ ಲಂಡನ್ನಿನಿಂದ ಬಂದ ‘ಸೆಕ್ಸ್ ಪಿಸ್ಟಲ್ಸ್’ ಎಂಬ ತರುಣರ ತಂಡ ಹಾಡಿತು. ಟಿಕೆಟ್ಟಿನ ಬೆಲೆ ಐವತ್ತು ಪೆನ್ಸ್. ಬಂದ ಕೇಳುಗರು ಸುಮಾರು ನಲವತ್ತು ಮಂದಿ. ಆದರೆ “ಆ ರಾತ್ರಿ ನಾನೂ ಅಲ್ಲಿದ್ದೆ” ಎಂದು ಹೇಳಿಕೊಂಡು ಬಂದವರನ್ನೆಲ್ಲ ಒಂದೆಡೆ ಸೇರಿಸಿದರೆ ಫುಟ್‌ಬಾಲ್ ಮೈದಾನವೂ ಸಾಲದು ಎಂದು ಆ ಊರಿನವರೇ ನಗುತ್ತಾರೆ.

ಈ ಒಗಟನ್ನು ಬಿಡಿಸಲೆಂದೇ ಡೇವಿಡ್ ನೋಲನ್ ಎಂಬ ಪತ್ರಕರ್ತರು ೨೦೦೧ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ‘ಆಣೆಗೂ ನಾನು ಅಲ್ಲಿದ್ದೆ’ ಎಂಬುದು ಅದರ ಹೆಸರಿನ ಅರ್ಥ. ಒಂದು ಸಂಜೆಯ ಹಾಡಿಕೆಯ ಹಾಜರಿ ಪಟ್ಟಿಗಾಗಿ ಒಂದು ಗ್ರಂಥವೇ ಬೇಕಾಯಿತೆಂದರೆ, ಆ ಸಂಜೆಯಲ್ಲಿ ಏನೋ ವಿಶೇಷವಿದ್ದಿರಲೇಬೇಕು.

ಕೆಸರಿನ ಹೆಸರು

ಆ ತಂಡ ಹಾಡಿದ ಸಂಗೀತಕ್ಕೆ ‘ಪಂಕ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಅದು ಬೈಗುಳ. ಕೆಲಸಕ್ಕೆ ಬಾರದವನು, ಪೋಕರಿ ಎಂಬ ಅರ್ಥದ ಮಾತು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಪಂಕ’ ಎಂಬ ಶಬ್ದಕ್ಕೆ ಕೆಸರೆಂದು ಅರ್ಥ. ಈ ಎರಡು ಶಬ್ದಗಳಿಗೆ ಯಾವ ನಂಟೂ ಇಲ್ಲ. ಆದರೂ ಆ ಸಂಗೀತವನ್ನು ಮೊದಲು ಕೇಳಿದ ಗೃಹಸ್ಥರಿಗೆ ಕನ್ನಡದ ಅರ್ಥವೇ ಹೆಚ್ಚು ಒಪ್ಪಿಗೆಯಾಗುತ್ತಿತ್ತೋ ಏನೋ!

ಆಗಿನ ಬ್ರಿಟನ್ನಿನ ಸ್ಥಿತಿಯನ್ನು ವಾಚಕರು ಸ್ವಲ್ಪ ನೆನೆಯಬೇಕು. ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ೧೯೭೬ರಲ್ಲಿ ಸರ್ಕಾರವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಯೊಡ್ಡಿತು. ಶಾಲೆ ಬಿಟ್ಟ ಹುಡುಗರಿಗೆ ಮುಂದಿನ ದಾರಿ ಕಾಣುತ್ತಿರಲಿಲ್ಲ. ಅವರ ಪ್ರೀತಿಯ ರಾಕ್ ಸಂಗೀತವೂ ಅವರ ಕೈಗೆಟುಕದಷ್ಟು ಮೇಲೇರಿತ್ತು. ಅರ್ಧ ಗಂಟೆಯ ದೀರ್ಘ ಕೃತಿಗಳು, ಲಾರಿಗಟ್ಟಲೆ ಉಪಕರಣಗಳು, ದೂರದ ವೇದಿಕೆಯ ಮೇಲೆ ಬೆರಳುದ್ದ ಕಾಣುವ ಶ್ರೀಮಂತ ಗಾಯಕರು. ಇಂತಹ ಸಂಗೀತವನ್ನು ಬೆರಗಿನಿಂದ ಕೇಳಬಹುದಾಗಿತ್ತೇ ಹೊರತು, ತಾನೂ ನುಡಿಸಿಯೇನೆಂಬ ಧೈರ್ಯ ಸಾಮಾನ್ಯ ಹುಡುಗನಿಗೆ ಬರುವಂತಿರಲಿಲ್ಲ.

ಈ ಬಿಗುವನ್ನು ಮೊದಲು ಸಡಿಲಿಸಿದ್ದು ನ್ಯೂಯಾರ್ಕ್. ಅಲ್ಲಿಯ ಬವರಿ ಬೀದಿಯಲ್ಲಿ ಹಿಲ್ಲಿ ಕ್ರಿಸ್ಟಲ್ ಎಂಬಾತ ೧೯೭೩ರಲ್ಲಿ ತೆರೆದ ‘ಸಿಬಿಜಿಬಿ’ ಎಂಬ ಪಾನಗೃಹದಲ್ಲಿ ಪ್ಯಾಟಿ ಸ್ಮಿತ್, ಟೆಲಿವಿಷನ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಮೊದಲಾದವರು ಬೆಳೆದರು. ಅಲ್ಲಿಯವರೇ ಆದ ರಮೋನ್ಸ್ ತಂಡದ ಮೊದಲ ಧ್ವನಿಮುದ್ರಿಕೆ ೧೯೭೬ರ ಏಪ್ರಿಲಿನಲ್ಲಿ ಹೊರಬಂದಿತು. ಹದಿನಾಲ್ಕು ಹಾಡುಗಳು, ಎಲ್ಲವೂ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತಿದ್ದವು. ಅದಕ್ಕೆ ತಗಲಿದ ವೆಚ್ಚ ಸುಮಾರು ೬,೪೦೦ ಡಾಲರ್. ಅಂದಿನ ದೊಡ್ಡ ತಂಡಗಳ ಖರ್ಚಿನ ಮುಂದೆ ಇದು ಪುಡಿಗಾಸು.

ಕೇಳಲು ಬಂದವರು ಹಾಡಲು ನಿಂತರು

ಮ್ಯಾಂಚೆಸ್ಟರಿನ ಕಚೇರಿಯನ್ನು ಏರ್ಪಡಿಸಿದವರು ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಎಂಬ ವಿದ್ಯಾರ್ಥಿಗಳಿಬ್ಬರು. ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದನ್ನು ಓದಿ, ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡನ್ನು ಕೇಳಲೆಂದೇ ಅವರು ದಕ್ಷಿಣಕ್ಕೆ ಪ್ರಯಾಣ ಮಾಡಿದ್ದರು. ಕೇಳಿ ಬಂದ ಮೇಲೆ ಆ ತಂಡವನ್ನು ತಮ್ಮೂರಿಗೇ ಕರೆಸಿದರು. ಅದರೊಡನೆ ತಾವೂ ‘ಬಜ್‌ಕಾಕ್ಸ್’ ಎಂಬ ಹೆಸರಿನಲ್ಲಿ ಹಾಡಬೇಕೆಂಬುದು ಅವರ ಆಸೆ. ಆದರೆ ತಂಡ ಇನ್ನೂ ಪೂರ್ತಿಯಾಗಿರಲಿಲ್ಲ.

ಆ ತಂಡ ಪೂರ್ತಿಯಾದ ಬಗೆಯೂ ಸ್ವಾರಸ್ಯಕರ. ಸ್ಟೀವ್ ಡಿಗಲ್ ಎಂಬ ತರುಣ ಬೇರೊಬ್ಬರನ್ನು ಕಾಣಲೆಂದು ಸಭಾಂಗಣದ ಹೊರಗೆ ಕಾದು ನಿಂತಿದ್ದ. ಬಾಗಿಲಲ್ಲಿದ್ದ ಮಾಲ್ಕಮ್ ಮೆಕ್ಲಾರೆನ್, ಅಂದರೆ ಸೆಕ್ಸ್ ಪಿಸ್ಟಲ್ಸ್ ತಂಡದ ವ್ಯವಸ್ಥಾಪಕ, ಅವನನ್ನು ನೋಡಿ, ನಿನಗಾಗಿ ಕಾಯುತ್ತಿರುವವರು ಒಳಗಿದ್ದಾರೆಂದು ಹೇಳಿ ಶೆಲ್ಲಿಯ ಬಳಿಗೆ ಕಳುಹಿಸಿದ. ಆ ತಪ್ಪು ಪರಿಚಯವೇ ಡಿಗಲ್‌ನನ್ನು ಬಜ್‌ಕಾಕ್ಸ್ ತಂಡಕ್ಕೆ ಸೇರಿಸಿತು. ಮುಂದಿನ ಹಲವು ದಶಕಗಳ ಕಾಲ ಅವನು ಅದರಲ್ಲಿಯೇ ಉಳಿದ.

ಕೇಳುಗರ ನಡುವೆ ಪೀಟರ್ ಹುಕ್, ಬರ್ನಾರ್ಡ್ ಸಮ್ನರ್ ಎಂಬ ಗೆಳೆಯರಿದ್ದರು. ಹಾಡಿಕೆ ಅಚ್ಚುಕಟ್ಟಾಗಿರಲಿಲ್ಲ, ಸದ್ದೇ ಹೆಚ್ಚು. ಆದರೆ “ಇಷ್ಟನ್ನು ನಾವೂ ಮಾಡಬಲ್ಲೆವು” ಎಂಬ ಭಾವನೆ ಅವರ ಮನಸ್ಸಿನಲ್ಲಿ ನಾಟಿತು. ಹುಕ್ ಮರುದಿನವೇ ಬಾಸ್ ಗಿಟಾರೊಂದನ್ನು ಕೊಂಡು ತಂದ. ಇವರೇ ಮುಂದೆ ‘ಜಾಯ್ ಡಿವಿಷನ್’ ಎಂಬ ಪ್ರಖ್ಯಾತ ತಂಡವನ್ನು ಕಟ್ಟಿದವರು. ಮುಂದೆ ‘ದಿ ಸ್ಮಿತ್ಸ್’ ತಂಡದ ಗಾಯಕನಾಗಿ ಹೆಸರಾದ ಮಾರಿಸ್ಸಿಯೂ ಅಂದು ಅಲ್ಲಿದ್ದ. ನಲವತ್ತು ಮಂದಿಯ ಸಭೆಯಿಂದ ಒಂದು ಊರಿನ ಸಂಗೀತವೇ ಹೊಸದಾಗಿ ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ನೆನಪಿನ ಗೋಜಲು

ಹಾಗಾದರೆ ಉಳಿದವರೆಲ್ಲ ಸುಳ್ಳುಗಾರರೇ? ಅಷ್ಟು ಕಠಿಣವಾಗಿ ತೀರ್ಪು ಕೊಡುವುದು ಸರಿಯಲ್ಲ. ಅದೇ ತಂಡ ಅದೇ ಸಭಾಂಗಣದಲ್ಲಿ ಜುಲೈ ೨೦ರಂದು ಮತ್ತೊಮ್ಮೆ ಹಾಡಿತು. ಅಂದು ಕೆಲವು ನೂರು ಮಂದಿ ಸೇರಿದ್ದರು. ಮೊದಲ ಕಚೇರಿಯಲ್ಲಿ ಜೊತೆಗೆ ಹಾಡಿದವರು ‘ಸಾಲ್‌ಸ್ಟಿಸ್’ ಎಂಬ ನೆರೆಯೂರಿನ ತಂಡದವರು. ಬಜ್‌ಕಾಕ್ಸ್ ವೇದಿಕೆಯೇರಿದ್ದು ಎರಡನೆಯ ಬಾರಿ. ಆದುದರಿಂದ “ಅಂದು ಬಜ್‌ಕಾಕ್ಸ್ ಎಷ್ಟು ಚೆನ್ನಾಗಿ ಹಾಡಿದರು!” ಎಂದು ನೆನೆಯುವವನು ಜೂನ್ ತಿಂಗಳವನಲ್ಲ, ಜುಲೈ ತಿಂಗಳವನು. ಆರು ವಾರಗಳ ಅಂತರದ ಎರಡು ರಾತ್ರಿಗಳು ಐವತ್ತು ವರ್ಷಗಳ ದೂರದಿಂದ ಒಂದೇ ಆಗಿ ಕಾಣುವುದರಲ್ಲಿ ಆಶ್ಚರ್ಯವೇನು? ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ ಬಂದಿದ್ದುದೂ ಎರಡನೆಯದಕ್ಕೆ. ಮುಂದೆ ಫ್ಯಾಕ್ಟರಿ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದ ಟೋನಿ ವಿಲ್ಸನ್ ತಾನು ಮೊದಲನೆಯದಕ್ಕೇ ಹೋಗಿದ್ದೆನೆಂದು ಹೇಳುತ್ತಿದ್ದ; ಅದನ್ನು ಒಪ್ಪದವರೂ ಇದ್ದರು. ೨೦೦೭ರಲ್ಲಿ ಅವನು ತೀರಿಕೊಂಡ ಮೇಲೂ ಆ ವಾದ ಮುಗಿಯಲಿಲ್ಲ.

ಇದರ ಮೇಲೆ ೨೦೦೨ರಲ್ಲಿ ತೆರೆಕಂಡ ‘೨೪ ಅವರ್ ಪಾರ್ಟಿ ಪೀಪಲ್’ ಎಂಬ ಚಲನಚಿತ್ರ ಆ ರಾತ್ರಿಯನ್ನು ಮತ್ತೆ ಸೃಷ್ಟಿಸಿ ತೋರಿಸಿತು. ಕಣ್ಣಾರೆ ಕಂಡದ್ದು ಯಾವುದು, ತೆರೆಯ ಮೇಲೆ ನೋಡಿದ್ದು ಯಾವುದು, ಗೆಳೆಯರಿಂದ ಕೇಳಿದ್ದು ಯಾವುದು ಎಂಬ ವಿವೇಚನೆ ಮನಸ್ಸಿಗೆ ಸುಲಭವಲ್ಲ.

ಮೂರು ಬೆರಳಿನ ಪಾಠ

ಅಭಿಮಾನಿಗಳು ಹೆಚ್ಚು ಹೆಮ್ಮೆಯಿಂದ ನೆನೆಯುವುದು ಸ್ವಂತ ಕೈಯ ಕೆಲಸವನ್ನು. ಮಾರ್ಕ್ ಪೆರ‍್ರಿ ಎಂಬ ಬ್ಯಾಂಕ್ ಗುಮಾಸ್ತ ೧೯೭೬ರ ಜುಲೈನಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆಯನ್ನು ಹೊರಡಿಸಿದ. ನಮ್ಮ ಕಾಲೇಜುಗಳ ಕೈಬರಹದ ಪತ್ರಿಕೆಗಳನ್ನು ಬಲ್ಲವರಿಗೆ ಅದರ ರೂಪ ಥಟ್ಟನೆ ಕಣ್ಣಿಗೆ ಕಟ್ಟೀತು. ಟೈಪು ಮಾಡಿದ ಹಾಳೆಗಳು, ಕೈಯಿಂದ ಬರೆದ ದಪ್ಪ ಶೀರ್ಷಿಕೆಗಳು, ತಿದ್ದದೆ ಬಿಟ್ಟ ತಪ್ಪುಗಳು. ಮೊದಲು ಕೆಲವೇ ಹತ್ತು ಪ್ರತಿಗಳಾಗಿದ್ದುದು ಒಂದೇ ವರ್ಷದಲ್ಲಿ ಸಾವಿರಗಳಿಗೆ ಏರಿತು. ಏರಿದೊಡನೆ ೧೯೭೭ರಲ್ಲಿ ಅವನೇ ಅದನ್ನು ನಿಲ್ಲಿಸಿದ. ‘ಸೈಡ್‌ಬರ್ನ್ಸ್’ ಎಂಬ ಅಂತಹುದೇ ಇನ್ನೊಂದು ಪತ್ರಿಕೆ ಗಿಟಾರಿನ ಮೂರು ಸ್ವರಗುಚ್ಛಗಳಿಗೆ ಬೆರಳಿಡುವ ಚಿತ್ರವನ್ನು ಅಚ್ಚುಮಾಡಿ, ಇಷ್ಟು ಕಲಿತೆಯಾದರೆ ಸಾಕು, ಇನ್ನು ತಂಡ ಕಟ್ಟು ಎಂದು ಓದುಗನನ್ನು ಹುರಿದುಂಬಿಸಿತು.

ಬಜ್‌ಕಾಕ್ಸ್ ಯಾವ ಕಂಪನಿಯ ಬಾಗಿಲನ್ನೂ ತಟ್ಟಲಿಲ್ಲ. ಶೆಲ್ಲಿಯ ತಂದೆಯಿಂದಲೂ ಸ್ನೇಹಿತರಿಂದಲೂ ಸುಮಾರು ೫೦೦ ಪೌಂಡು ಸಾಲ ತಂದು, ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿ, ೧೯೭೭ರ ಜನವರಿಯಲ್ಲಿ ತಾವೇ ಮಾರಾಟಕ್ಕೆ ತಂದರು. ಸಾವಿರ ಪ್ರತಿಗಳಿಂದ ಆರಂಭವಾದ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ತಟ್ಟೆ ಸುಮಾರು ಹದಿನಾರು ಸಾವಿರದವರೆಗೆ ಖರ್ಚಾಯಿತು. ಧ್ವನಿಮುದ್ರಣವೆಂಬುದು ದೊಡ್ಡವರ ಸೊತ್ತು ಎಂಬ ಭ್ರಮೆ ಅಲ್ಲಿಗೆ ಹರಿಯಿತು.

‘ಹೊಸ ಅಲೆ’ಯ ಜಗಳ

ಪಂಕ್ ಎಂಬ ಹೆಸರಿಗೆ ಅಂಗಡಿಯವರೂ ರೇಡಿಯೋದವರೂ ಹೆದರುತ್ತಿದ್ದರು. ೧೯೭೬ರ ಡಿಸೆಂಬರ್ ೧ರಂದು ಸೆಕ್ಸ್ ಪಿಸ್ಟಲ್ಸ್ ತಂಡದವರು ಟೆಲಿವಿಷನ್ ಸಂದರ್ಶನವೊಂದರಲ್ಲಿ ಅವಾಚ್ಯ ಮಾತುಗಳನ್ನಾಡಿದ್ದರಿಂದ ಎದ್ದ ಗುಲ್ಲಿನಲ್ಲಿ ಅವರ ಸಂಚಾರದ ಬಹುಪಾಲು ಕಚೇರಿಗಳು ರದ್ದಾದವು. ಮರುವರ್ಷ ರಾಣಿ ಎಲಿಜಬೆತ್ತರ ರಜತೋತ್ಸವದ ಸಮಯದಲ್ಲಿ ರಾಣಿಯನ್ನೇ ಹಂಗಿಸುವ ಅವರ ಹಾಡನ್ನು ಬಿಬಿಸಿ ನಿಷೇಧಿಸಿತು. ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಇಂತಹ ಗಲಭೆಯ ನಡುವೆ ಸೈರ್ ಎಂಬ ಅಮೆರಿಕದ ಧ್ವನಿಮುದ್ರಣ ಸಂಸ್ಥೆಯ ಸೀಮೋರ್ ಸ್ಟೈನ್ ಮೊದಲಾದವರು ‘ನ್ಯೂ ವೇವ್’, ಎಂದರೆ ಹೊಸ ಅಲೆ, ಎಂಬ ಸೌಮ್ಯವಾದ ಹೆಸರನ್ನು ಬಳಕೆಗೆ ತಂದರು. ಫ್ರೆಂಚ್ ಚಲನಚಿತ್ರ ಲೋಕದಿಂದ ಎರವಲು ಪಡೆದ ಮಾತು ಇದು. ೧೯೭೦ರ ‘ಸಂಸ್ಕಾರ’ದ ತರುವಾಯ ಕನ್ನಡ ಚಿತ್ರಗಳ ಚರ್ಚೆಯಲ್ಲಿ ‘ಹೊಸ ಅಲೆ’ ಎಂಬ ಮಾತನ್ನು ಕೇಳಿದವರಿಗೆ ಇದು ಅಪರಿಚಿತವಲ್ಲ.

ಹೆಸರಿನೊಡನೆ ಸಂಗೀತವೂ ಬದಲಾಯಿತು. ಗಿಟಾರಿನ ಗದ್ದಲದ ಜಾಗಕ್ಕೆ ವಿದ್ಯುತ್ ಕೀಲಿಮಣೆಯಾದ ಸಿಂಥಸೈಜರ್ ಬಂದಿತು. ೧೯೭೯ರಲ್ಲಿ ಬ್ಲಾಂಡಿ ತಂಡದ ಕುಣಿತದ ಹಾಡೊಂದು, ಗ್ಯಾರಿ ನ್ಯೂಮನ್ನನ ಯಂತ್ರಸ್ವರದ ಹಾಡೊಂದು ಬ್ರಿಟನ್ನಿನಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದವು. ಇಲ್ಲಿಂದ ಅಭಿಮಾನಿಗಳಲ್ಲಿ ಎರಡು ಪಂಥಗಳು. ಹೊಸ ಅಲೆಯೆಂಬುದು ಪಂಕ್‌ನ ಹಲ್ಲು ಕಿತ್ತು, ಬಣ್ಣ ಬಳಿದು ಮಾರಿದ ವ್ಯಾಪಾರವೆಂದು ಒಂದು ಪಂಥದವರ ಮತ. ಮೂರೇ ಸ್ವರಗುಚ್ಛಗಳಲ್ಲಿ ಎಷ್ಟು ದಿನ ಸುತ್ತಲು ಸಾಧ್ಯ, ಬಾಗಿಲನ್ನು ಒಡೆದವರು ಮನೆಯೊಳಗೆ ಕಾಲಿಡಬಾರದೇ ಎಂದು ಇನ್ನೊಂದು ಪಂಥದವರ ಪ್ರಶ್ನೆ. ೧೯೮೦ರ ಮೇ ೧೮ರಂದು ಇಯಾನ್ ಕರ್ಟಿಸ್ ಇಪ್ಪತ್ತಮೂರನೆಯ ವಯಸ್ಸಿನಲ್ಲಿಯೇ ಪ್ರಾಣ ಕಳೆದುಕೊಂಡ. ಉಳಿದವರು ‘ನ್ಯೂ ಆರ್ಡರ್’ ಎಂಬ ಹೆಸರಿನಲ್ಲಿ ಮುಂದುವರಿದು, ೧೯೮೩ರಲ್ಲಿ ‘ಬ್ಲೂ ಮಂಡೇ’ ಎಂಬ ಕುಣಿತದ ಮುದ್ರಿಕೆಯಿಂದ ಜಗತ್ಪ್ರಸಿದ್ಧರಾದರು. ಅವರನ್ನು ಯಾವ ಪಂಥಕ್ಕೆ ಸೇರಿಸಬೇಕೆಂಬುದು ಅಭಿಮಾನಿಗಳಿಗೂ ಬಗೆಹರಿದಿಲ್ಲ.

ಅದೇ ಜೂನ್ ೪

ಈ ಸಿಹಿನೆನಪುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿಯೊಂದುಂಟು. ೧೯೭೬ರ ಅದೇ ಜೂನ್ ೪ರಂದು ಲಂಡನ್ನಿನ ಸೌತಾಲ್ ಬಡಾವಣೆಯಲ್ಲಿ ಗುರುದೀಪ್ ಸಿಂಗ್ ಛಗ್ಗರ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿಯನ್ನು ವರ್ಣದ್ವೇಷಿ ತರುಣರ ಗುಂಪೊಂದು ಇರಿದು ಕೊಂದಿತು. ಮ್ಯಾಂಚೆಸ್ಟರಿನ ಹುಡುಗರಿಗೆ ಆ ದಿನ ಹೊಸ ಬಾಳಿನ ಬಾಗಿಲಾದರೆ, ಸೌತಾಲಿನ ಭಾರತೀಯ ಕುಟುಂಬಗಳಿಗೆ ಅದು ಶೋಕದ ದಿನ. ಅಲ್ಲಿಯ ತರುಣರೂ ಸುಮ್ಮನೆ ಕೂರಲಿಲ್ಲ. ಆತ್ಮರಕ್ಷಣೆಗಾಗಿ ತಮ್ಮದೇ ಯುವಜನ ಸಂಘವನ್ನು ಕಟ್ಟಿಕೊಂಡರು.

ಪಂಕ್ ಯಾರ ಪಕ್ಷ ಎಂಬುದು ಆಗ ಸ್ಪಷ್ಟವಾಗಿರಲಿಲ್ಲ. ನಮ್ಮ ಹೊಸ್ತಿಲ ರಂಗೋಲಿಯಲ್ಲಿ ಮಂಗಳಚಿಹ್ನೆಯಾದ ಸ್ವಸ್ತಿಕ ಯೂರೋಪಿನಲ್ಲಿ ನಾಜಿಗಳ ಕ್ರೌರ್ಯದ ಗುರುತು. ಹಿರಿಯರನ್ನು ಕೆರಳಿಸಲೆಂದು ಕೆಲವು ಪಂಕ್ ತರುಣ ತರುಣಿಯರು ಅದನ್ನೇ ತೋಳಿಗೆ ಕಟ್ಟಿಕೊಂಡು ತಿರುಗಿದರು. ಅದು ಬರಿಯ ಹುಡುಗಾಟಿಕೆಯೆಂದು ಕೆಲವರು ಇಂದಿಗೂ ಸಮರ್ಥಿಸುವರು. ಬೀದಿಯಲ್ಲಿ ಹೊಡೆತ ತಿಂದವರಿಗೆ ಆ ಹುಡುಗಾಟಿಕೆಯ ಅರ್ಥ ಬೇರೆಯೇ ಆಗಿತ್ತೆಂದು ಉಳಿದವರ ಉತ್ತರ.

ಉತ್ತರ ಮಾತಿನಲ್ಲಿಯೇ ನಿಲ್ಲಲಿಲ್ಲ. ೧೯೭೬ರ ಆಗಸ್ಟಿನಲ್ಲಿ ಪ್ರಸಿದ್ಧ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವೇದಿಕೆಯ ಮೇಲಿಂದ ವಲಸಿಗರ ವಿರುದ್ಧ ಮಾತನಾಡಿದಾಗ, ಅದನ್ನು ಖಂಡಿಸಿ ‘ರಾಕ್ ಅಗೇನ್ಸ್ಟ್ ರೇಸಿಸಂ’ ಎಂಬ ಚಳವಳಿ ಹುಟ್ಟಿತು. ೧೯೭೮ರ ಏಪ್ರಿಲ್ ೩೦ರಂದು ಹತ್ತಾರು ಸಾವಿರ ಜನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯ ಪಾರ್ಕಿನವರೆಗೆ ಮೆರವಣಿಗೆ ನಡೆದರು. ಅಲ್ಲಿ ‘ದಿ ಕ್ಲ್ಯಾಷ್’ ತಂಡದವರು, ಸೊಮಾಲಿ ತಂದೆಯ ಮಗಳಾದ ಪಾಲಿ ಸ್ಟೈರೀನ್, ಕರಿಯರ ರೆಗ್ಗೆ ತಂಡವಾದ ಸ್ಟೀಲ್ ಪಲ್ಸ್ ಒಂದೇ ವೇದಿಕೆಯಲ್ಲಿ ಹಾಡಿದರು. ಇದಾದ ನಾಲ್ಕೇ ದಿನಗಳಲ್ಲಿ, ಮೇ ೪ರಂದು, ಅದೇ ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಕಾರ್ಮಿಕ ಕೊಲೆಯಾದ. ಒಂದು ದಿನದ ಗಾಯನದಿಂದ ದ್ವೇಷ ಅಳಿಯಲಿಲ್ಲ ನಿಜ. ಆದರೆ ತಾವು ನಿಲ್ಲಬೇಕಾದ ಪಕ್ಷವನ್ನು ಆ ಉದ್ಯಾನದಲ್ಲಿ ಅರಿತುಕೊಂಡೆವೆಂದು ಅನೇಕ ಅಭಿಮಾನಿಗಳು ನೆನೆಯುತ್ತಾರೆ. ಮರುವರ್ಷ ಲಂಡನ್ನಿನಲ್ಲಿ ಪಾಕಿಸ್ತಾನಿ ಮನೆತನದ ಮೂವರು ಹುಡುಗರು ಒಬ್ಬ ಬಿಳಿಯ ಗೆಳೆಯನೊಡನೆ ‘ಏಲಿಯನ್ ಕಲ್ಚರ್’ ಎಂಬ ಪಂಕ್ ತಂಡವನ್ನೇ ಕಟ್ಟಿದರು. ಪರಕೀಯ ಸಂಸ್ಕೃತಿಯವರೆಂದು ತಮ್ಮನ್ನು ಜರೆದ ಮಾತನ್ನೇ ಹೆಸರಾಗಿ ಧರಿಸಿದ್ದು ಅವರ ಜಾಣ್ಮೆ.

ಸುಟ್ಟುಹಾಕಿದ ನಿಧಿ

೨೦೧೬ರ ನವೆಂಬರ್ ೨೬ರಂದು ಮೆಕ್ಲಾರೆನ್ನನ ಮಗ ಜೋ ಕೋರೆ ತನ್ನ ಪಂಕ್ ಸಂಗ್ರಹವನ್ನು ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿಟ್ಟು ಸುಟ್ಟುಬಿಟ್ಟ. ಅದರ ಬೆಲೆ ಐವತ್ತು ಲಕ್ಷ ಪೌಂಡೆಂದು ಅವನ ಹೇಳಿಕೆ. ಪಂಕ್ ವಸ್ತುಸಂಗ್ರಹಾಲಯದ ಸರಕಾಗಿರುವುದನ್ನು ಪ್ರತಿಭಟಿಸುವುದು ಅವನ ಉದ್ದೇಶ. ಭೇಷ್ ಎಂದವರು ಕೆಲವರು. ಮಾರಿ ಬಡವರಿಗಾದರೂ ಕೊಡಬಾರದಿತ್ತೇ ಎಂದು ಬೈದವರು ಬಹಳ ಮಂದಿ. ಇದಕ್ಕೆ ಮೊದಲೇ, ೨೦೦೮ರಲ್ಲಿ, ಸೆಕ್ಸ್ ಪಿಸ್ಟಲ್ಸ್ ತಂಡದ ಗಾಯಕ ಜಾನ್ ಲೈಡನ್ ಬೆಣ್ಣೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡು ಹಳೆಯ ಭಕ್ತರನ್ನು ನೋಯಿಸಿದ್ದ. ಆ ಹಣದಿಂದಲೇ ಅವನು ತನ್ನ ಇನ್ನೊಂದು ತಂಡವನ್ನು ಮತ್ತೆ ಕಟ್ಟಿದನೆಂದು ತಿಳಿದ ಮೇಲೆ ಕೆಲವರ ಸಿಟ್ಟು ತಣಿಯಿತು.

ನ್ಯೂಯಾರ್ಕಿನ ಸಿಬಿಜಿಬಿ ೨೦೦೬ರಲ್ಲಿ ಮುಚ್ಚಿತು. ಮ್ಯಾಂಚೆಸ್ಟರಿನ ಸಭಾಂಗಣದ ಜಾಗದಲ್ಲಿ ಹೋಟೆಲು ಬಂದಿದೆ. ಪೀಟ್ ಶೆಲ್ಲಿ ೨೦೧೮ರಲ್ಲಿ ತೀರಿಕೊಂಡ. ಅಂದಿನ ಹುಡುಗರು ಇಂದು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರು. ಮೊಮ್ಮಕ್ಕಳು ಕೇಳಿದಾಗ “ನಾನೂ ಅಲ್ಲಿದ್ದೆ” ಎಂದು ಒಂದಿಷ್ಟು ಸೇರಿಸಿ ಹೇಳಿದರೆ ಅದನ್ನು ಕ್ಷಮಿಸಬಹುದು. ಆದರೆ ಪಂಕ್‌ನ ಹಿರಿಮೆಯನ್ನು ಹಾಜರಿಯಿಂದ ಅಳೆಯುವುದು ಅದಕ್ಕೇ ವಿರುದ್ಧವಾದ ಮಾತು. ಅಲ್ಲಿಗೆ ಹೋಗದಿದ್ದರೂ ಗಿಟಾರು ಹಿಡಿದವರು, ಪತ್ರಿಕೆ ಬರೆದವರು, ನೆರೆಯ ಹುಡುಗನಿಗೆ ಹೊಡೆತ ಬೀಳುವಾಗ ಅಡ್ಡ ನಿಂತವರು ಎಷ್ಟೋ ಮಂದಿ. ಆ ರಾತ್ರಿಯ ಹಾಜರಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೂ ಆ ಸಂಗೀತವನ್ನು ಸರಿಯಾಗಿ ಕೇಳಿಸಿಕೊಂಡವರು ಅವರೇ.