ಅಜ್ಜಿಯ ಜತೆ ಕಚೇರಿಗೆ ಹೋಗುವವರು ಯಾರು?

ತುಮಕೂರಿನ ಉಪವಿಭಾಗಾಧಿಕಾರಿಯ ವ್ಯಾಪ್ತಿಗೆ ಮೂರು ತಾಲ್ಲೂಕು ಬರುತ್ತವೆ: ತುಮಕೂರು, ಗುಬ್ಬಿ, ಕುಣಿಗಲ್. ಪಹಣಿ, ಖಾತೆ ತಕರಾರು ಹೊತ್ತು ಈ ಕಚೇರಿಗೆ ಅಲೆದವರು ಇಲ್ಲಿನ ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ. ಇದೇ ಅಧಿಕಾರಿ ಇನ್ನೊಂದು ಬಗೆಯ ತಕರಾರನ್ನೂ ಕೇಳುತ್ತಾರೆ. ಮಕ್ಕಳು ಕೈಬಿಟ್ಟರೆಂದು ಅಪ್ಪ ಅಮ್ಮ ಕೊಡುವ ದೂರು ಅದು. ಹೆತ್ತವರ ಪೋಷಣೆ, ಹಿರಿಯ ನಾಗರಿಕರ ಕಲ್ಯಾಣಕ್ಕೆಂದು 2007ರಲ್ಲಿ ಬಂದ ಕಾಯ್ದೆ ಅವರನ್ನು ನ್ಯಾಯಮಂಡಳಿಯ ಪೀಠದಲ್ಲಿ ಕೂರಿಸಿದೆ.

ಕಾಯ್ದೆ ಓದಿದರೆ ಧೈರ್ಯ ಬರುತ್ತದೆ. ಮಕ್ಕಳಿಗೆ ನೋಟಿಸ್ ತಲುಪಿದ 90 ದಿನಗಳಲ್ಲಿ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು. ತಿಂಗಳಿಗೆ 10 ಸಾವಿರ ರೂಪಾಯಿವರೆಗೆ ಕೊಡಿಸಬಹುದು. ಕೊನೆಗಾಲದಲ್ಲಿ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮಾಡಿಕೊಟ್ಟ ದಾನಪತ್ರವನ್ನು, ಮಗ ಮಾತು ತಪ್ಪಿದರೆ, ರದ್ದುಪಡಿಸಬಹುದು. 18ನೇ ಸೆಕ್ಷನ್ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನು ಜೀವನಾಂಶ ಅಧಿಕಾರಿ ಎಂದು ಗುರುತಿಸಬೇಕು. ಹಿರಿಯರು ಬಯಸಿದರೆ ಅವರ ಪರವಾಗಿ ಮಂಡಳಿಯ ಮುಂದೆ ಆ ಅಧಿಕಾರಿ ನಿಲ್ಲಬೇಕು. ಅಂದರೆ ಮುದುಕರ ಜತೆ ನಿಲ್ಲುವುದೂ ಒಂದು ಹುದ್ದೆಯ ಕೆಲಸ ಎಂದು ಕಾನೂನೇ ಒಪ್ಪಿಕೊಂಡಿದೆ.

ಆದರೆ ಕುಣಿಗಲ್ ಕಡೆಯ ಹಳ್ಳಿಯೊಂದರ ತಾಯಿ ಆ ಮಂಡಳಿವರೆಗೆ ಬರುವುದು ಹೇಗೆ? ಮಗನ ಮೇಲೆ ಅರ್ಜಿ ಬರೆಸಲು ಹೆತ್ತ ಕರುಳು ಒಪ್ಪುವುದಿಲ್ಲ. ಒಪ್ಪಿದರೂ ಬರೆದುಕೊಡುವವರು ಬೇಕು, ಆಧಾರ್ ಕಾರ್ಡ್, ದಾನಪತ್ರದ ನಕಲು ಹೊಂದಿಸಬೇಕು, ತುಮಕೂರಿನ ಬಸ್ಸು ಹತ್ತಿಸುವವರು ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿ ಒಂದು ಖರ್ಚು ತಪ್ಪಿದೆ, ಒಂಟಿತನ ತಪ್ಪಿಲ್ಲ. ವಿಚಾರಣೆ ಮುಂದಕ್ಕೆ ಹೋದರೆ ಇನ್ನೊಂದು ದಿನ, ಇನ್ನೊಂದು ಬಸ್ಸು. ಎರಡನೇ ಸಲಕ್ಕೇ ಆಕೆ 'ಹೋಗ್ಲಿ ಬಿಡು' ಅಂದುಕೊಂಡರೆ ತಪ್ಪು ಆಕೆಯದಲ್ಲ.

ಮಾಸಾಶನದ ಕಥೆಯೂ ಇದೇ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ಈಗ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಜೀವನವಿಡೀ ಕಳೆ ಕಿತ್ತು, ತೆಂಗಿನ ಸಿಪ್ಪೆ ಸುಲಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಹೋದರೆ ಆ ತಿಂಗಳ ದುಡ್ಡು ಕೈಗೆ ಸಿಗುವುದಿಲ್ಲ. ಖಾತೆಗೆ ಆಧಾರ್ ಸರಿಯಾಗಿ ಜೋಡಣೆಯಾಗದಿದ್ದರೆ ದುಡ್ಡು ಬರುವುದೇ ನಿಲ್ಲುತ್ತದೆ. ಇವೆರಡಕ್ಕೂ ಪರಿಹಾರವಿದೆ. ಕಣ್ಣಿನಿಂದ, ಮುಖದಿಂದ ಗುರುತು ದೃಢಪಡಿಸುವ ವ್ಯವಸ್ಥೆ ಇದೆ. ಬ್ಯಾಂಕಿನಲ್ಲಿ ಜೋಡಣೆ ಸರಿಪಡಿಸುತ್ತಾರೆ. ನಾಡಕಚೇರಿಗೋ ಬ್ಯಾಂಕಿಗೋ ಎಂದು ತಿಳಿದವರೊಬ್ಬರು ಪಕ್ಕದಲ್ಲಿದ್ದರೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಆರು ತಿಂಗಳ ಅಲೆದಾಟ.

ಎಸ್ಟೋನಿಯಾದಲ್ಲಿ ಹೀಗೆ ಪಕ್ಕದಲ್ಲಿ ನಿಲ್ಲುವುದೇ ಒಂದು ವೃತ್ತಿ. ತುಮಕೂರು ಜಿಲ್ಲೆಯ ಅರ್ಧದಷ್ಟು ಜನಸಂಖ್ಯೆಯ ಪುಟ್ಟ ದೇಶ ಅದು. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯಂತೆ ಸುಮಾರು 26.8 ಲಕ್ಷ ಜನ. ಅಲ್ಲಿ ಹಿರಿಯರ ಆರೈಕೆಯ ಹೊಣೆ ಸ್ಥಳೀಯಾಡಳಿತದ ಮೇಲಿದೆ. ಸಮಾಜಕಾರ್ಯ ಓದಿದವರು ಮನೆಗೆ ಹೋಗಿ, ಯಾರಿಗೆ ಎಷ್ಟು ನೆರವು ಬೇಕೆಂದು ಅಳೆದು, ಮನೆಯಲ್ಲೇ ಆರೈಕೆಯೋ ಆರೈಕೆ ಕೇಂದ್ರವೋ ಎಂಬುದನ್ನು ಹೊಂದಿಸುತ್ತಾರೆ. ಅನುಭವ ಬೆಳೆದಂತೆ ಕೇಂದ್ರವನ್ನೋ ಊರಿನ ಸೇವೆಗಳನ್ನೋ ನಡೆಸುವ ವ್ಯವಸ್ಥಾಪಕರಾಗುತ್ತಾರೆ. 2023ರ ಜುಲೈ 1ರಿಂದ ಕೇಂದ್ರಗಳಲ್ಲಿ ಆರೈಕೆಗೆ ತಗಲುವ ವೆಚ್ಚವನ್ನು, ಒಂದು ಮಿತಿಯವರೆಗೆ, ಸ್ಥಳೀಯಾಡಳಿತವೇ ಭರಿಸುತ್ತಿದೆ; ಊಟ, ವಸತಿಯ ಖರ್ಚು ಮಾತ್ರ ವಾಸಿಸುವವರದು.

ನಮ್ಮಲ್ಲಿ ಈ ಕೆಲಸಕ್ಕೆ ಹತ್ತಿರದವರೆಂದರೆ ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರ ಇಲಾಖೆಯ ಹೆಸರಿನಲ್ಲೇ ವಿಕಲಚೇತನರ ಜತೆ ಹಿರಿಯ ನಾಗರಿಕರೂ ಇದ್ದಾರೆ. ಈ ಕಾರ್ಯಕರ್ತರು ಸ್ವತಃ ಅಂಗವಿಕಲರು. ಊರುಗೋಲು ಊರಿಕೊಂಡೋ ಮೂರು ಚಕ್ರದ ಬಂಡಿಯಲ್ಲೋ ಮನೆಮನೆಗೆ ಹೋಗಿ ಬೇರೆಯವರ ಅರ್ಜಿ ತುಂಬುತ್ತಾರೆ. ಕೈಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರನ್ನು ನೆನೆದರೆ ನನಗೆ ಗೌರವದ ಜತೆ ನಾಚಿಕೆಯೂ ಆಗುತ್ತದೆ. ಇಷ್ಟು ದೊಡ್ಡ ಹೊರೆಯನ್ನು ಇಷ್ಟು ಕಡಿಮೆಗೆ ಹೊರಿಸಿದ್ದೇವೆ.

ಅನ್ನ ಹಾಕುವವರಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಸಿದ್ಧಗಂಗೆಯ ದಾಸೋಹದ ಒಲೆ ಆರಿದ್ದನ್ನು ಕಂಡವರಿಲ್ಲ. 111 ವರ್ಷ ಬಾಳಿದ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದ ಮೇಲೂ ಅದು ಉರಿಯುತ್ತಿದೆ. ಕೊರತೆ ಇರುವುದು ಅನ್ನದ್ದಲ್ಲ, ಜತೆ ಹೋಗುವವರದು. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಕಾರ್ಖಾನೆಗಳ ಎಚ್.ಆರ್. ವಿಭಾಗ ಹುಡುಕಿಕೊಂಡು ವಸಂತನರಸಾಪುರಕ್ಕೋ ಪೀಣ್ಯಕ್ಕೋ ಹೋಗುತ್ತಾರೆ. ಅವರನ್ನು ದೂರಲಾರೆ. ಹಿರಿಯರ ಕೆಲಸಕ್ಕೆ ಬನ್ನಿ ಎಂದು ಕರೆಯಲು ನಮ್ಮಲ್ಲಿ ಹುದ್ದೆ ಎಲ್ಲಿದೆ, ಬಡ್ತಿ ಎಲ್ಲಿದೆ? ತಾಲ್ಲೂಕಿಗೆ ನಾಲ್ಕು ಜನರನ್ನಾದರೂ ಕಾಯಂ ಆಗಿ ತೆಗೆದುಕೊಳ್ಳಲಿ. 14567 ಸಹಾಯವಾಣಿಗೆ ಗುಬ್ಬಿಯ ಹಳ್ಳಿಯಿಂದ ಕರೆ ಬಂದರೆ ಅದೇ ದಿನ ಆ ಮನೆ ತಲುಪುವಂಥವರಾಗಿರಲಿ.

ಆದೇಶ ಬಂದ ಮೇಲೂ ಇವರ ಕೆಲಸ ಮುಗಿಯದು. ಪ್ರತಿ ತಿಂಗಳು ಇಷ್ಟು ಕೊಡಬೇಕೆಂದು ಮಂಡಳಿ ಮಗನಿಗೆ ಹೇಳಿದ ಸಂಜೆ ಆ ತಾಯಿ ಹೋಗಿ ಮಲಗಬೇಕಾದ್ದು ಅದೇ ಮಗನ ಮನೆಯ ಪಡಸಾಲೆಯಲ್ಲಿ. ಸೊಸೆ ಮಾತು ಬಿಟ್ಟಿರುತ್ತಾಳೆ, ಮೊಮ್ಮಕ್ಕಳು ಹತ್ತಿರ ಬರಲು ಅಂಜುತ್ತಾರೆ. ಮರುದಿನ ಬೆಳಿಗ್ಗೆ ಆ ಹೊಸಿಲಲ್ಲಿ ನಿಂತು 'ಅಜ್ಜಿ, ತಿಂಡಿ ಆಯ್ತಾ?' ಎಂದು ಕೇಳಿ, ಮಗನನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಅವನ ಸಾಲದ ಕಷ್ಟವನ್ನೂ ಕೇಳಿಸಿಕೊಂಡು, ಮುಂದಿನ ವಾರ ಮತ್ತೆ ಬರುತ್ತೇನೆಂದು ಹೇಳಿ, ಹೇಳಿದಂತೆ ಬರುವ ಒಬ್ಬರು ಬೇಕು.